ಕೋರಮಂಗಲ ಕಣಿವೆಯಿಂದ ಲಕ್ಷ್ಮೀಸಾಗರದ ಕೋಡಿಯವರೆಗೆ

ನಮಸ್ಕಾರ. ನೀವು ಈಗ ನೋಡುತ್ತಿರುವ ಕಂದು ನೀರು ಬೆಂಗಳೂರಿನ ಲಕ್ಷಾಂತರ ಮನೆಗಳ ಬಚ್ಚಲಿನಿಂದ, ಅಡುಗೆಮನೆಯಿಂದ, ಶೌಚಾಲಯದಿಂದ ಇಳಿದು ಬಂದದ್ದು. ಬೆಳ್ಳಂದೂರು ಕೆರೆಯ ಮಗ್ಗುಲಲ್ಲಿರುವ ಈ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕವನ್ನು ನಮ್ಮ ಕಡೆ ಎಲ್ಲರೂ ‘ಕೆ.ಸಿ. ವ್ಯಾಲಿ’ ಎಂದೇ ಕರೆಯುತ್ತಾರೆ. ನಾನು ಕೋಲಾರದವನು. ನಮ್ಮೂರ ಕೆರೆಗೆ ಬರುವ ನೀರು ಹೊರಡುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಬಹುದಿನಗಳ ಆಸೆಯಿಂದ, ಅನುಮತಿ ಪಡೆದು ಇಲ್ಲಿಗೆ ಬಂದಿದ್ದೇನೆ.

ಮೊದಲು ಕಾಣುವುದು ಕಬ್ಬಿಣದ ಜಾಲರಿ. ಪ್ಲಾಸ್ಟಿಕ್ ಚೀಲ, ಬಟ್ಟೆ, ಕಡ್ಡಿ ಎಲ್ಲವೂ ಇಲ್ಲಿ ಸಿಕ್ಕಿಕೊಳ್ಳುತ್ತವೆ. ಮುಂದಿನ ತೊಟ್ಟಿಗಳಲ್ಲಿ ಮರಳು ತಳಕ್ಕಿಳಿಯುತ್ತದೆ, ಆಮೇಲೆ ಕೆಸರು. ನಿಜವಾದ ಕೆಲಸ ನಡೆಯುವುದು ಮಾತ್ರ ಇಗೋ ಇಲ್ಲಿ, ನೀರು ಕುದಿಯುತ್ತಿರುವಂತೆ ಕಾಣುವ ಈ ಗಾಳಿ ತೊಟ್ಟಿಯಲ್ಲಿ. ತಳದಿಂದ ಬಿಡುವ ಗಾಳಿಯನ್ನು ಉಸಿರಾಡುತ್ತಾ ಕೋಟ್ಯಂತರ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಹೊಲಸನ್ನು ತಿಂದು ಬೆಳೆಯುತ್ತವೆ. ಹಾಗೆ ಬೆಳೆದು ಗುಂಪುಗೂಡಿದ ಜೀವಿಗಳೇ ಮುಂದಿನ ತೊಟ್ಟಿಯಲ್ಲಿ ಕೆಸರಾಗಿ ತಳ ಸೇರಿ, ಮೇಲೆ ತಿಳಿನೀರು ನಿಲ್ಲುತ್ತದೆ. ಆ ಕೆಸರಿನ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೇ ಹಿಂದಿರುಗಿಸುತ್ತಾರೆ, ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ವಿದ್ಯುತ್ ಕೈಕೊಟ್ಟು ಗಾಳಿ ಬಹಳ ಹೊತ್ತು ನಿಂತುಹೋದರೆ ಹೆಪ್ಪು ಕೆಡುತ್ತದೆ, ನೀರೂ ಕೆಡುತ್ತದೆ. ಆದ್ದರಿಂದ ಇಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ದುಡಿಯುವವರ ಎಚ್ಚರಕ್ಕೂ ನಮ್ಮ ಕೆರೆಯ ಆರೋಗ್ಯಕ್ಕೂ ನೇರವಾದ ನಂಟಿದೆ.

ಬೇಲಿಯಾಚೆಗೆ ನೋಡಿ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ. ಶುದ್ಧೀಕರಣವಾಗದ ಕೊಳಚೆ ದಶಕಗಳ ಕಾಲ ರಾಜಕಾಲುವೆಗಳಲ್ಲಿ ಹರಿದು ಇಲ್ಲಿ ಸೇರಿತು. ಸೋಪು, ಡಿಟರ್ಜೆಂಟು ಬೆರೆತ ನೀರು ಕೋಡಿಯಲ್ಲಿ ಧುಮುಕುವಾಗ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು ದೇಶವೇ ನೋಡಿತು. 2018ರ ಜನವರಿಯಲ್ಲಿ ಕೆರೆಯಂಗಳದ ಒಣಕಳೆಗೆ ಬೆಂಕಿ ಬಿದ್ದಾಗ ಆರಿಸಲು ಸಾವಿರಾರು ಸೈನಿಕರು ಇಳಿಯಬೇಕಾಯಿತು. ಶುದ್ಧೀಕರಣ ಘಟಕವೊಂದು ಇದ್ದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ, ಊರಿನ ಕೊಳಚೆಯೆಲ್ಲ ಕೊಳವೆ ಹಿಡಿದು ಆ ಘಟಕವನ್ನು ಮುಟ್ಟಬೇಕು ಎಂಬುದು ಇಲ್ಲಿ ನಿಂತರೆ ಯಾರಿಗಾದರೂ ಅರ್ಥವಾಗುತ್ತದೆ.

ಈಗ ನಾವು ಕೋಲಾರದ ಕಡೆಗೆ ಹೊರಟಿದ್ದೇವೆ. ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಪಂಪ್ ಮಾಡಿ 126 ಕೆರೆಗಳನ್ನು ತುಂಬಿಸುವುದು ಕೆ.ಸಿ. ವ್ಯಾಲಿ ಯೋಜನೆಯ ಗುರಿ. ನೀರೆತ್ತುವ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರಿ ಬಂದ ಕಾವೇರಿಯೇ ಬಳಕೆಯಾಗಿ, ದಕ್ಷಿಣ ಪಿನಾಕಿನಿಯತ್ತ ಇಳಿಯಬೇಕಿದ್ದ ದಾರಿಯಲ್ಲಿ ತಡೆದು ನಿಂತು, ಪಾಲಾರ್ ಹರಿವಿನ ನಮ್ಮ ಸೀಮೆಗೆ ಮತ್ತೊಮ್ಮೆ ಏರಿ ಬರುತ್ತಿದೆ. ಒಂದೇ ನೀರು ಮೂರು ನದಿಗಳ ನಾಡನ್ನು ಕಾಣುವುದು ನನಗೆ ಇಂದಿಗೂ ಅಚ್ಚರಿಯ ವಿಷಯ.

ಇದು ಲಕ್ಷ್ಮೀಸಾಗರ ಕೆರೆ. 2018ರ ಜೂನ್‌ನಲ್ಲಿ ಮೊದಲು ನೀರು ಬಂದದ್ದು ಇಲ್ಲಿಗೇ. ವರ್ಷಪೂರ್ತಿ ಹರಿಯುವ ನದಿಯಿಲ್ಲದ, ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆದರೂ ಬರೀ ದೂಳು ಕಾಣುವ, ಸಿಕ್ಕ ನೀರಿನಲ್ಲೂ ಫ್ಲೋರೈಡ್ ಇರುವ ಜಿಲ್ಲೆಗೆ ಅದು ಹಬ್ಬವೇ ಆಗಿತ್ತು. ಆದರೆ ಮುಂದಿನ ತಿಂಗಳೇ ಇದೇ ನೀರಿನಲ್ಲಿ ನೊರೆ ಕಾಣಿಸಿತು, ಪಂಪಿಂಗ್ ನಿಂತಿತು, ವಿವಾದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಆಮೇಲೆ ನೀರು ಮತ್ತೆ ಹರಿಯತೊಡಗಿತು.

ಈ ನೀರನ್ನು ಕುಡಿಯುವುದಕ್ಕೋ ನೇರವಾಗಿ ಹೊಲಕ್ಕೆ ಹಾಯಿಸುವುದಕ್ಕೋ ಕೊಟ್ಟಿಲ್ಲ. ಕೆರೆಯಲ್ಲಿ ನಿಂತು, ಮಣ್ಣಿನಲ್ಲಿ ಇಂಗಿ, ಅಂತರ್ಜಲವಾಗಿ ಮೇಲೆ ಬರಲಿ ಎಂಬುದು ಲೆಕ್ಕ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡ ರೈತರನ್ನು ನಾನು ಬಲ್ಲೆ. ಅವರ ಟೊಮೆಟೊ, ಹಿಪ್ಪುನೇರಳೆ ತೋಟಗಳು ಹಸಿರಾಗಿರುವುದೂ ನಿಜ. ಹಾಗೆಂದು, ಕೆಸರನ್ನು ತಳಕ್ಕಿಳಿಸುವುದು, ಸೂಕ್ಷ್ಮಜೀವಿಗಳಿಂದ ಹೊಲಸು ತಿನ್ನಿಸುವುದು ಎಂಬ ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ವರ್ಷಗಳಿಂದ ಕೇಳುತ್ತಿರುವವರ ಮಾತನ್ನು ನಾನು ತಳ್ಳಿಹಾಕಲಾರೆ. ಎರಡನೆಯ ಹಂತ ದಾಟಿದ ನೀರಿನಲ್ಲೂ ಸಾರಜನಕ, ರಂಜಕ, ರೋಗಾಣುಗಳು ಉಳಿಯಬಲ್ಲವು. ನಮ್ಮದು ಬಹುಮಟ್ಟಿಗೆ ಅಂತರ್ಜಲವನ್ನೇ ಕುಡಿಯುವ ಸೀಮೆ. ಇಂಗುವ ನೀರು ಕೊನೆಗೆ ನಮ್ಮ ಮನೆಯ ನಲ್ಲಿಗೇ ಬರುವುದರಿಂದ, ಸೋಸುವ ಇನ್ನೊಂದು ಹಂತವನ್ನು ಕೇಳುವುದು ಕೋಲಾರದ ಹಕ್ಕು ಎಂದೇ ನನ್ನ ನಂಬಿಕೆ.

ಕೋಡಿಯ ಹತ್ತಿರ ಬಂದೆವು. ಇಂದು ನೊರೆಯಿಲ್ಲ. ತೆಳುವಾದ ಪಾಚಿಬಣ್ಣವಿದೆ, ಸ್ವಲ್ಪ ವಾಸನೆಯೂ ಇದೆ. ಇಲ್ಲಿಂದ ಹಳೆಯ ಕಾಲುವೆ ಹಿಡಿದು ನೀರು ನರಸಾಪುರದ ಕೆರೆಯ ಕಡೆಗೆ ಸಾಗುತ್ತದೆ. ಏರಿಯ ಮೇಲೆ ನಡೆದು ನಾವೂ ಅತ್ತಲೇ ಹೋಗುತ್ತಿದ್ದೇವೆ.