ನೆರೆ ಬರುವ ಹೊತ್ತು

ಎಲ್ಲರಿಗೂ ನಮಸ್ಕಾರ.

ಒಂದು ನಾಡು ಯಾಕೆ ಏಳಿಗೆ ಕಂಡಿತು ಅಂತ ಕೇಳಿದರೆ ನಾವು ಮೊದಲು ರಾಜರ ಹೆಸರು ಹೇಳುತ್ತೇವೆ. ಇವತ್ತು ರಾಜರನ್ನು ಸ್ವಲ್ಪ ಪಕ್ಕಕ್ಕಿಡೋಣ. ಅಲ್ಲಿನ ನದಿಗೆ ನೆರೆ ಬರುತ್ತಿದ್ದದ್ದು ಯಾವ ತಿಂಗಳಲ್ಲಿ? ಅದನ್ನು ನೋಡೋಣ.

ನೈಲ್ ನದಿಯನ್ನೇ ತೆಗೆದುಕೊಳ್ಳಿ. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆ ಹಿಡಿದರೆ, ಜುಲೈ ಹೊತ್ತಿಗೆ ಈಜಿಪ್ಟಿನಲ್ಲಿ ನೀರು ಏರುತ್ತಿತ್ತು. ಅಲ್ಲಿ ಕೊಯ್ಲು ಆಗಲೇ ಮುಗಿದು ಹೊಲ ಖಾಲಿ ಬಿದ್ದಿರುತ್ತಿತ್ತು. ನೀರು ವಾರಗಟ್ಟಲೆ ನಿಂತು, ಕಪ್ಪು ಮೆಕ್ಕಲು ಮಣ್ಣು ಬಿಟ್ಟು, ನೆಲದ ಉಪ್ಪನ್ನು ತೊಳೆದುಕೊಂಡು ಇಳಿಯುತ್ತಿತ್ತು. ಸರಿಯಾಗಿ ಬಿತ್ತನೆ ಹೊತ್ತಿಗೆ ಹದವಾದ ಹಸಿ ಮಣ್ಣು!

ಹಾಗಂತ ಅವರೇನೂ ನಿಶ್ಚಿಂತೆಯಿಂದ ಇರಲಿಲ್ಲ. ನೈಲ್ ನದಿಯ ನಡುವಿನ ಎಲಿಫೆಂಟೈನ್ ದ್ವೀಪದಲ್ಲಿ ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಪಕ್ಕದ ಗೋಡೆಯಲ್ಲಿ ಅಳತೆಯ ಗೆರೆಗಳು. ನೀರು ಯಾವ ಗೆರೆ ಮುಟ್ಟಿತು ಅಂತ ನೋಡಿ ಆ ವರ್ಷದ ಬೆಳೆ, ಕಂದಾಯ ಎರಡನ್ನೂ ಅಂದಾಜು ಮಾಡುತ್ತಿದ್ದರು. ಕೆಳಗೇ ನಿಂತರೆ ಹಸಿವು, ತೀರಾ ಮೇಲೆ ಬಂದರೆ ಊರು ಮುಳುಗಡೆ. ಆ ಮೆಟ್ಟಿಲ ಮೇಲೆ ನಿಂತು ದಿನವೂ ನೀರು ನೋಡುತ್ತಿದ್ದವನ ಎದೆಬಡಿತವನ್ನು ಯೋಚಿಸಿ.

ಈಗ ಮೆಸೊಪಟ್ಯಾಮಿಯಾ, ಅಂದರೆ ಹೆಚ್ಚುಕಡಿಮೆ ಇವತ್ತಿನ ಇರಾಕ್. ಟೈಗ್ರಿಸ್, ಯೂಫ್ರಟಿಸ್ ನದಿಗಳು ಉಕ್ಕುತ್ತಿದ್ದದ್ದು ಉತ್ತರದ ಬೆಟ್ಟಗಳ ಹಿಮ ಕರಗಿದಾಗ, ಏಪ್ರಿಲ್-ಮೇ ತಿಂಗಳಲ್ಲಿ. ಅಂದರೆ ತೆನೆ ಬಲಿತು ಕೊಯ್ಲಿಗೆ ನಿಂತ ಹೊತ್ತಿಗೆ! ಬಿತ್ತನೆಗೆ ನೀರು ಬೇಕಾದಾಗ ನೋಡಿದರೆ ನದಿ ಸೊರಗಿರುತ್ತಿತ್ತು. ಹಾಗಾಗಿ ಒಡ್ಡು ಕಟ್ಟಬೇಕು, ಕಾಲುವೆ ತೋಡಬೇಕು, ವರ್ಷವರ್ಷವೂ ಹೂಳು ಎತ್ತಬೇಕು. ನೂರಾರು ಜನರ ದುಡಿಮೆ, ಕೂಲಿ, ಕಾಳಿನ ಲೆಕ್ಕ. ಉರುಕ್ ನಗರದಲ್ಲಿ ಸಿಕ್ಕಿರುವ, ಕ್ರಿ.ಪೂ. 3200ರ ಆಸುಪಾಸಿನ ಮಣ್ಣಿನ ಫಲಕಗಳಲ್ಲಿ ಹೆಚ್ಚಿನವು ಲೆಕ್ಕಪತ್ರಗಳೇ. ನೆಲವೇ ಎಲ್ಲರ ಹಣೆಬರಹ ಬರೆದುಬಿಡುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೆಲ ಒಂದು ಕಷ್ಟ ಕೊಟ್ಟಿತು. ಅದಕ್ಕೆ ದಾರಿ ಹುಡುಕಿದವರು ಮನುಷ್ಯರು.

ಆದರೆ ಕಾಲುವೆ ನೀರಿನ ಜೊತೆ ಸವಳೂ ಬಂತು. ಹಾಯಿಸಿದ ನೀರು ಹೊರಗೆ ಬಸಿದು ಹೋಗದಿದ್ದರೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮಾತ್ರ ಹೊಲದ ಮೇಲೆ ಬಿಳಿ ಪುಡಿಯಾಗಿ ಉಳಿಯುತ್ತದೆ. ದಕ್ಷಿಣ ಭಾಗದಲ್ಲಿ ಗೋಧಿ ಹಿಂದೆ ಸರಿದು, ಉಪ್ಪು ತಾಳುವ ಬಾರ್ಲಿಯದೇ ಮೇಲುಗೈ ಆಯಿತು. ಇದರಲ್ಲಿ ಸವಳಿನ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಉಪ್ಪು ಆ ರೈತರನ್ನು ಕಾಡಿದ್ದಂತೂ ನಿಜ.

ಇನ್ನು ನೈಲ್ ಕಥೆಗೆ ವಾಪಸ್ ಬರೋಣ. 1970ರಲ್ಲಿ ಅಸ್ವಾನ್ ಹೈ ಡ್ಯಾಮ್ ಪೂರ್ತಿಯಾಯಿತು. ಕರೆಂಟ್ ಬಂತು, ವರ್ಷವಿಡೀ ನೀರು ಸಿಕ್ಕಿತು, ಬರದ ಭಯ ಕಡಿಮೆಯಾಯಿತು. ನೆರೆ ನಿಂತಿತು. ಮೆಕ್ಕಲು ಮಣ್ಣು ಅಣೆಕಟ್ಟೆಯ ಹಿಂದೆಯೇ ಉಳಿಯಿತು. ಸಾವಿರಾರು ವರ್ಷ ನದಿ ಸುಮ್ನೆ ಮಾಡಿಕೊಟ್ಟ ಕೆಲಸಕ್ಕೆ ಈಗ ರೈತರು ಚೀಲಗಟ್ಟಲೆ ಗೊಬ್ಬರ ಹಾಕುತ್ತಾರೆ. ಉಪ್ಪು ನೀರು ಬಸಿದು ಹೋಗಲು ಹೊಲದಡಿ ಪೈಪ್ ಹೂಳುತ್ತಾರೆ.