ಅಡಿಕೆಯೂ ಗುಳಿಗೆಯೂ ಒಂದೇ ಪಟ್ಟಿಯಲ್ಲಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಬದಿಯಡ್ಕದ ಕಡೆ ಈಚೆಗೊಂದು ಮದುವೆ. ಊಟ ಮುಗಿಸಿ ಕೈತೊಳೆದು ಚಪ್ಪರದ ಬದಿಯಲ್ಲಿ ಕೂತಿದ್ದೆ. ಎಲೆಅಡಿಕೆಯ ಹರಿವಾಣ ಕೈಯಿಂದ ಕೈಗೆ ದಾಟಿ ನನ್ನ ಮುಂದೆ ಬಂತು. ಹಾಗೇ ಪಕ್ಕಕ್ಕೆ ಸರಿಸಿದೆ. ಪಕ್ಕದ ಹಿರಿಯರಿಗೆ ಸಹಿಸಲಿಲ್ಲ. "ಇದೆಂಥದು ಮಾಷ್ಟ್ರೇ, ಎರಡೆಕ್ರೆ ಅಡಿಕೆ ತೋಟ ಇಟ್ಟುಕೊಂಡು ಎಲೆ ಬೇಡ ಅಂದ್ರೆ ಹೇಗೆ?" ಎಂದರು. ಅಲ್ಲಿ ವಿವರಿಸಲು ಹೊರಟರೆ ಎರಡನೇ ಪಂಕ್ತಿಯೂ ಎದ್ದುಬಿಡುತ್ತಿತ್ತು. ರೇಡಿಯೋದವರು ಹತ್ತು ನಿಮಿಷ ಕೊಟ್ಟಿದ್ದಾರೆ, ಇಲ್ಲಿ ಹೇಳಿಬಿಡುತ್ತೇನೆ.

ನನ್ನ ಹೊಟ್ಟೆಯಲ್ಲಿ ಮೂರು ಕಿಡ್ನಿಗಳಿವೆ. ಎರಡು ಹುಟ್ಟಿನಿಂದ ಬಂದದ್ದು, ಕೆಲಸ ಬಿಟ್ಟು ಮುರುಟಿಕೊಂಡಿವೆ. ಮೂರನೆಯದು ನನ್ನ ತಂಗಿಯದ್ದು. 2013ರಲ್ಲಿ ಬಲಗಡೆಯ ಕೆಳಹೊಟ್ಟೆಯಲ್ಲಿ ಜೋಡಿಸಿದರು. ಕಸಿ ಮಾಡುವಾಗ ಹಳೆಯದನ್ನು ಸಾಮಾನ್ಯವಾಗಿ ಹೊರಗೆ ತೆಗೆಯುವುದಿಲ್ಲ, ಇದ್ದಲ್ಲೇ ಬಿಡುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1954ರ ಡಿಸೆಂಬರ್ 23ರಂದು ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿಯಲ್ಲಿ ಕೊಟ್ಟವನೂ ಪಡೆದವನೂ ಒಂದೇ ಅಚ್ಚಿನ ಅವಳಿಗಳು. ಹಾಗಾಗಿ ದೇಹ ತಕರಾರು ಮಾಡಲಿಲ್ಲ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಕಸಿ ಗೆದ್ದಿತು. ಆ ಹೊತ್ತಿಗೆ ಅವಳಿಗಳಲ್ಲದವರಿಗೂ ದಾರಿ ತೆರೆದಿತ್ತು, ಯಾಕೆಂದರೆ ದೇಹದ ಕಾವಲನ್ನು ಮಂಕು ಮಾಡುವ ಮದ್ದುಗಳು ಬಂದಿದ್ದವು. ಸ್ವಂತ ತಂಗಿಯದ್ದಾದರೂ ನನ್ನ ದೇಹಕ್ಕೆ ಅದು ಹೊರಗಿನ ಮಾಂಸವೇ. ಆ ಕಿಡ್ನಿ ಇರುವಷ್ಟು ಕಾಲ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಗುಳಿಗೆ ತಪ್ಪುವಂತಿಲ್ಲ.

ಇಲ್ಲಿಯೇ ತೊಡಕು ಇರುವುದು. ಮನೆಗೆ ಬಂದ ನೆಂಟರನ್ನು ಕಚ್ಚದಿರಲಿ ಎಂದು ನಾಯಿಯನ್ನು ಕಟ್ಟಿಹಾಕುತ್ತೇವೆ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೂ ಅದು ಕಟ್ಟಿದಲ್ಲೇ ಇರುತ್ತದೆ. ದಾರಿ ತಪ್ಪಿದ ಜೀವಕೋಶಗಳನ್ನು ಹಿಡಿದು ಮುಗಿಸುವುದೂ, ಒಳಗೆ ಸುಮ್ಮನೆ ಮಲಗಿರುವ ವೈರಸ್ಸನ್ನು ಏಳದಂತೆ ನೋಡಿಕೊಳ್ಳುವುದೂ ಅದೇ ಕಾವಲಿನ ಕೆಲಸ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಚಿಕ್ಕಂದಿನಿಂದಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಸಿ ಆದವರಲ್ಲಿ ಅದು ತಲೆ ಎತ್ತಿದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಅಂದರೆ ಲಿಂಫೋಮಾ, ಬರಬಹುದು.

ಅಮೆರಿಕದಲ್ಲಿ 1987ರಿಂದ 2008ರವರೆಗೆ ಆದ ಸುಮಾರು 1.75 ಲಕ್ಷ ಕಸಿಗಳ ಲೆಕ್ಕವನ್ನು 2011ರಲ್ಲಿ ಪ್ರಕಟಿಸಿದರು. ಕಸಿ ಆದವರಿಗೆ ಕ್ಯಾನ್ಸರ್ ಬರುವುದು ಒಟ್ಟಾರೆ ಉಳಿದವರ ಎರಡು ಪಟ್ಟು. ಲಿಂಫೋಮಾ ಏಳೂವರೆ ಪಟ್ಟು. ಕಿಡ್ನಿಯ ಕ್ಯಾನ್ಸರ್ ನಾಲ್ಕೂವರೆ ಪಟ್ಟಿಗೂ ಮೇಲೆ, ಅದು ಬಹಳ ಸಲ ಬರುವುದು ನಾನು ಆಗ ಹೇಳಿದ ಆ ಮುರುಟಿದ ಹಳೇ ಕಿಡ್ನಿಯಲ್ಲಿ. ಸ್ತನದ ಕ್ಯಾನ್ಸರ್ ಮಾತ್ರ ಹಾಗೆ ಏರಲಿಲ್ಲ. ನಾನು ಗಣಿತ ಹೇಳಿಕೊಟ್ಟವನು, ಆದ್ದರಿಂದ ಒಂದು ಮಾತು: ಎರಡು ಪಟ್ಟು ಎಂದರೆ ಎಲ್ಲರಿಗೂ ಬರುತ್ತದೆ ಎಂದಲ್ಲ. ನೂರರಲ್ಲಿ ಐದು ಮಂದಿಗೆ ಬರುವುದಾದರೆ ಅದು ಹತ್ತಾಗುತ್ತದೆ, ತೊಂಬತ್ತು ಮಂದಿಗೆ ಆಗಲೂ ಬರುವುದಿಲ್ಲ.

ಬಿಳಿ ಚರ್ಮದವರಿಗೆ ಬಿಸಿಲಿನ ಪೀಡೆ ದೊಡ್ಡದು. ಚರ್ಮದ ಒಂದು ಬಗೆಯ ಕ್ಯಾನ್ಸರ್ ಕಸಿ ಆದವರಲ್ಲಿ 65 ಪಟ್ಟು ಎಂದು ನಾರ್ವೆಯವರು ಲೆಕ್ಕ ಹಾಕಿದ್ದಾರೆ. ಕಸಿಯ ಹಣೆಬರಹವನ್ನೇ ಬದಲಿಸಿದ ಸೈಕ್ಲೋಸ್ಪೊರಿನ್ ಮದ್ದಿನ ಶಿಲೀಂಧ್ರ ಸಿಕ್ಕಿದ್ದೂ ನಾರ್ವೆಯ ಮಣ್ಣಿನಲ್ಲಿ, ನೋಡಿ. ನಮ್ಮ ಕಪ್ಪು ಚರ್ಮ ನಮಗೆ ಆ ಮಟ್ಟಿಗೆ ರಕ್ಷೆ. ಆದರೂ ಅಂಗಳದಲ್ಲಿ ಅಡಿಕೆ ಹರಗುವಾಗ ನಾನೀಗ ಬರೀ ಹಾಳೆಯ ಮುಟ್ಟಾಳೆ ನೆಚ್ಚಿಕೊಳ್ಳುವುದಿಲ್ಲ. ಅದು ನೆತ್ತಿ ಕಾಯುತ್ತದೆ, ಕಿವಿ ಮತ್ತು ತುಟಿಯನ್ನು ಕಾಯುವುದಿಲ್ಲ. ಮೇಲಿಂದ ಬೈರಾಸು ಸುತ್ತಿಕೊಳ್ಳುತ್ತೇನೆ.

ನಮ್ಮ ಕಡೆಯ ಪೀಡೆ ಬಾಯಿಯಲ್ಲಿದೆ. ಕಸಿ ಆದಾಗ ಡಾಕ್ಟ್ರು ಹೊಗೆಸೊಪ್ಪು ಬಿಡಿ ಅಂದರು, ಬಿಟ್ಟೆ. ಎಲೆ, ಅಡಿಕೆ, ಸುಣ್ಣ ಬಿಡಲಿಲ್ಲ. ಹೊಗೆಸೊಪ್ಪು ಇಲ್ಲದ ಮೇಲೆ ಅಡಿಕೆಯಲ್ಲಿ ಎಂಥ ದೋಷ ಎಂಬ ಧೈರ್ಯ. ಎಂಟು ವರ್ಷ ಕಳೆದ ಮೇಲೆ ಎಡಗೆನ್ನೆಯ ಒಳಗೆ ನಾಲಗೆಗೆ ಏನೋ ಒರಟು ತಗಲಿತು. ಕನ್ನಡಿಯಲ್ಲಿ ನೋಡಿದರೆ ಬೆರಳ ಉಗುರಿನಷ್ಟು ಬಿಳಿ ಕಲೆ, ಉಜ್ಜಿದರೆ ಹೋಗುವುದಿಲ್ಲ. ಹಲ್ಲಿನ ಡಾಕ್ಟ್ರೊಬ್ಬರ ಬಳಿ ಹೋದೆ. ಅವರು ಚೂಪಾದ ಹಲ್ಲನ್ನು ಉಜ್ಜಿ, ಹಚ್ಚಲು ಮುಲಾಮು ಕೊಟ್ಟು ಕಳಿಸಿದರು. ನನಗೆ ಕಸಿ ಆಗಿದೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು.

ಕಿಡ್ನಿ ಡಾಕ್ಟ್ರ ಹತ್ತಿರ ಹೋಗುವ ದಿನ ಬೆಳಗಿನ ಗಾಡಿಗೆ ಕುಂಬಳೆಯಲ್ಲಿ ಹತ್ತುತ್ತೇನೆ. ಕಾವಲನ್ನು ಮಂಕು ಮಾಡುವ ನನ್ನ ಮದ್ದುಗಳಲ್ಲೊಂದಾದ ಟ್ಯಾಕ್ರೊಲಿಮಸ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವುದು ಗುಳಿಗೆ ನುಂಗುವ ಮುಂಚೆ. ಅದಕ್ಕೆ ಗುಳಿಗೆ ಅಂಗಿಯ ಕಿಸೆಯಲ್ಲಿರುತ್ತದೆ, ಮಂಗಳೂರಿನಲ್ಲಿ ರಕ್ತ ಕೊಟ್ಟ ಮೇಲೆ ಬಾಯಿಗೆ. ಆ ದಿನ ಮಾತಿನ ನಡುವೆ ಕಲೆಯ ಸುದ್ದಿ ತೆಗೆದೆ. ಅವರು ಟಾರ್ಚ್ ಹಿಡಿದು ಒಂದು ಸಲ ನೋಡಿ, ಅಲ್ಲಿಂದಲೇ ಬಾಯಿಯ ಸರ್ಜನ್ ಬಳಿಗೆ ಕಳಿಸಿದರು. ಸಣ್ಣ ತುಂಡು ಕತ್ತರಿಸಿ ಪರೀಕ್ಷೆಗೆ ಕೊಟ್ಟರು. ಕ್ಯಾನ್ಸರ್ ಅಲ್ಲ, ಆದರೆ ಆ ದಾರಿ ಹಿಡಿದ ಕೋಶಗಳು. ಕಲೆಯನ್ನು ಪೂರಾ ತೆಗೆದರು.

ಆಮೇಲೆ ಓದುತ್ತಾ ಕೂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಪಟ್ಟಿ ಇಟ್ಟಿದೆ, ಅದಕ್ಕೆ ಒಂದನೇ ಗುಂಪು ಎನ್ನುತ್ತಾರೆ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ ಬರೀ ಅಡಿಕೆಯೂ 2004ರ ವರದಿಯ ಪ್ರಕಾರ ಆ ಪಟ್ಟಿಯಲ್ಲಿವೆ. ನಾನು ಹತ್ತಿರ ಹತ್ತಿರ ಒಂಬತ್ತು ವರ್ಷ ಕಿಡ್ನಿ ಉಳಿಯಲೆಂದು ದಿನಾ ನುಂಗಿದ, ಕಾವಲು ಮಂಕು ಮಾಡುವ ಅಜತಯೋಪ್ರಿನ್ ಗುಳಿಗೆಯೂ ಅದೇ ಪಟ್ಟಿಯಲ್ಲಿದೆ! ಒಂದು ತೋಟದಿಂದ, ಇನ್ನೊಂದು ಮದ್ದಿನಂಗಡಿಯಿಂದ, ಎರಡೂ ಒಂದೇ ಬಾಯಿಗೆ. ಗುಳಿಗೆಯ ದಾರಿ ನನಗೆ ಬಿಡುವಂಥದ್ದಲ್ಲ. ಅಡಿಕೆ ಬಿಟ್ಟೆ. ತೋಟದ ಅಡಿಕೆ ಈಗಲೂ ಮಾರುತ್ತೇನೆ, ಹೊಟ್ಟೆಪಾಡು. ಅದರ ಬಗ್ಗೆ ನನ್ನನ್ನು ಕೇಳಿದರೆ ನೇರ ಉತ್ತರ ಇಲ್ಲ.

ಸುದ್ದಿ ತಿಳಿದ ಭಾವನವರು, "ಆ ಗುಳಿಗೆಯಿಂದಲೇ ಹೀಗಾದದ್ದು ಅಂದ ಮೇಲೆ ಎಲ್ಲ ನಿಲ್ಲಿಸಿಬಿಡಿ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ 2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ಮಂಗಳೂರಿನ ದಾರಿ ನಿಂತಾಗ ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನು ದಿನಾ ಎಣಿಸಿದವನು ನಾನು. ನಿಲ್ಲಿಸಿದರೆ ಕಿಡ್ನಿ ತಿರಸ್ಕಾರವಾಗಿ ಮತ್ತೆ ಡಯಾಲಿಸಿಸ್ ಕುರ್ಚಿ. ಕಡಿಮೆ ಮಾಡುವುದು, ಬದಲಿಸುವುದು ಡಾಕ್ಟ್ರ ಕೆಲಸ. ಲಿಂಫೋಮಾದ ಕೆಲವು ಬಗೆಗಳು ಮದ್ದಿನ ಪ್ರಮಾಣ ಇಳಿಸಿದ ಮಾತ್ರಕ್ಕೇ ಕುಗ್ಗುವುದುಂಟು. ಅಜತಯೋಪ್ರಿನ್ ಬಿಡಿಸಿ ನನಗೆ ಅದೇ ಕೆಲಸದ ಇನ್ನೊಂದು ಮದ್ದು, ಸಿರೋಲಿಮಸ್, ಕೊಟ್ಟು ನೋಡಿದರು. ಅದಕ್ಕೆ ಬದಲಾದವರಲ್ಲಿ ಚರ್ಮದ ಕ್ಯಾನ್ಸರ್ ಮರುಕಳಿಸುವುದು ಕಡಿಮೆ ಎಂದು 2012ರಲ್ಲಿ ಯುರೋಪಿನ ಒಂದು ಅಧ್ಯಯನ ತೋರಿಸಿತ್ತು. ನನಗೆ ಆಗಿಬರಲಿಲ್ಲ, ಬಾಯಿ ತುಂಬ ಹುಣ್ಣು. ಈಗ ಬೇರೆಯೇ ಜೋಡಿ ನಡೆದಿದೆ.

ಕಸಿ ಆದವರಿಗೆ ಕ್ಯಾನ್ಸರ್ ಬಲಿತರೆ ಉಳಿದವರಿಗಿಂತ ಕಷ್ಟ ಹೆಚ್ಚು, ಬದುಕುವ ಅವಕಾಶ ಕಡಿಮೆ. ಕಾವಲನ್ನು ಎಬ್ಬಿಸಿ ಕ್ಯಾನ್ಸರಿನ ಮೇಲೆ ಬಿಡುವ ಹೊಸ ಇಮ್ಯುನೋಥೆರಪಿ ಮದ್ದುಗಳು ನಮಗೆ ಸುಲಭವಲ್ಲ, ಎದ್ದ ಕಾವಲು ಕಿಡ್ನಿಯನ್ನೂ ಕಚ್ಚಬಹುದು. ಆದ್ದರಿಂದ ಮೊದಲೇ ಕಾಣಬೇಕು. ಕಸಿ ಆದ ಅಕ್ಕತಂಗಿಯರು ನಾಚಿಕೆ ಬಿಟ್ಟು ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಲ್ಲಿಯ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸೂ ಕಾವಲು ಮಂಕಾದಲ್ಲಿ ಹೆಚ್ಚು ಬೆಳೆಯುವಂಥದ್ದು.

ನನ್ನ ಕಿಸೆಯಲ್ಲಿ ಗುಳಿಗೆಯ ಜೊತೆ ಈಗ ಒಂದು ಚೀಟಿ ಇರುತ್ತದೆ: ಕಸಿ ಆದ ವರ್ಷ, ನುಂಗುವ ಮದ್ದುಗಳ ಹೆಸರು. ಹಲ್ಲಿನ ಡಾಕ್ಟ್ರಾಗಲಿ, ಜ್ವರದ ಡಾಕ್ಟ್ರಾಗಲಿ, ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಅವರ ಮೇಜಿನ ಮೇಲಿಡುತ್ತೇನೆ.

ನಮಸ್ಕಾರ.