ಮೂಳೆ ಮುಟ್ಟುವುದು ಲೋಹದ ಮೇಲ್ಮೈಯನ್ನು

ಕೇಳುಗರೇ, ನಮಸ್ಕಾರ.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾವ ಊರಿಗೆ ಹೋದರೂ ಕಾಲಿಗೆ ರಾಡ್ ಹಾಕಿಸಿಕೊಂಡವರು ಒಬ್ಬರಾದರೂ ಸಿಗುತ್ತಾರೆ. ಬೈಕಿನಿಂದ ಬಿದ್ದವರು, ಟ್ರ್ಯಾಕ್ಟರ್ ಮೇಲಿಂದ ಜಾರಿದವರು. ಹಲ್ಲಿಗೆ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಲೋಹದ ತುಂಡು, ಹಾಕಿಸಿಕೊಂಡವರೂ ಇದ್ದಾರೆ. ನಾನು ಲೋಹಗಳ ಬಗ್ಗೆ ಪಾಠ ಮಾಡುವವಳು ಅಂತ ಗೊತ್ತಾದ ಕೂಡಲೇ ಅವರು ಕೇಳುವುದು ಒಂದೇ ಮಾತು: "ಮೇಡಂ, ಒಳಗ ತುಕ್ಕು ಹಿಡಿಯಂಗಿಲ್ಲೇನ್ರಿ?"

ಒಳ್ಳೆಯ ಪ್ರಶ್ನೆ ಅದು. ರಾಡುಗಳಲ್ಲಿ ಕೆಲವು ಸ್ಟೇನ್‌ಲೆಸ್ ಸ್ಟೀಲಿನವು, ಕೆಲವು ಟೈಟಾನಿಯಂನವು. ಇವತ್ತು ಟೈಟಾನಿಯಂ ಬಗ್ಗೆ ಹೇಳುತ್ತೇನೆ.

ಟೈಟಾನಿಯಂಗೆ ಗಾಳಿ ತಾಗಿದರೆ ಸಾಕು, ಅದರ ಮೇಲೆ ಆಕ್ಸೈಡಿನ, ಅಂದರೆ ಲೋಹಕ್ಕೆ ಆಮ್ಲಜನಕ ಕೂಡಿ ಆದ, ಪದರವೊಂದು ತಾನಾಗಿಯೇ ಕೂರುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಗೀರು ಬಿದ್ದರೆ ಮತ್ತೆ ಬೆಳೆದು ಮುಚ್ಚಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಉದುರಿ ಉದುರಿ ಒಳಗಿನ ಲೋಹವನ್ನು ತಿನ್ನುತ್ತದೆ. ಈ ಪದರ ಗಟ್ಟಿಯಾಗಿ ಹಿಡಿದುಕೊಂಡು ಲೋಹವನ್ನು ಕಾಯುತ್ತದೆ. ಹಾಗಾಗಿ ನಮ್ಮ ಮೂಳೆ ಮುಟ್ಟುವುದು ನಿಜವಾಗಿ ಲೋಹವನ್ನಲ್ಲ, ಆ ಪದರವನ್ನು.

ಮೂಳೆಗೂ ಟೈಟಾನಿಯಂಗೂ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ತಿಳಿದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡಲು ಟೈಟಾನಿಯಂನ ಸಣ್ಣ ಉಪಕರಣ ಕೂರಿಸಿದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ! ಮೂಳೆ ಅದನ್ನು ಹಿಡಿದುಬಿಟ್ಟಿತ್ತು. 1965ರಲ್ಲಿ ಅವರೇ ಒಬ್ಬ ರೋಗಿಯ ದವಡೆಗೆ ಟೈಟಾನಿಯಂ ಬೇರು ಕೂರಿಸಿದರು.

ಆದರೆ ಆಗಿನ ನಯವಾದ ಇಂಪ್ಲಾಂಟಿಗೆ ಮೂಳೆ ಕೂಡಿಕೊಳ್ಳಲು ಕೆಳದವಡೆಯಲ್ಲಿ 3 ತಿಂಗಳು, ಮೇಲ್ದವಡೆಯಲ್ಲಿ 6 ತಿಂಗಳು ಕಾಯಬೇಕಿತ್ತು. ಅಲ್ಲಿಂದ ಶುರುವಾಯಿತು ಮೇಲ್ಮೈ ತಿದ್ದುವ ಕೆಲಸ.

ಇದು ನಮ್ಮ ಬಿದ್ರಿ ಕುಸುರಿಯ ಹಾಗೆಯೇ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ ಮೊದಲು ಬೂದುಬಣ್ಣದ್ದೇ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಮಾಡಿ ಹಚ್ಚಿದಾಗ ಅದು ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿಯ ಎಳೆ ಹೊಳೆಯುತ್ತದೆ. ಒಳಗಿನ ಲೋಹ ಬದಲಾಗಿಲ್ಲ, ಮೈ ಮಾತ್ರ ಬದಲಾಗಿದೆ. ಇಂಪ್ಲಾಂಟಿನಲ್ಲೂ ಬಲ ಕೊಡುವುದು ಒಳಗಿನ ಲೋಹ. ಮೂಳೆ ಒಪ್ಪುವುದು, ಬಿಡುವುದು ಮೇಲ್ಮೈ ನೋಡಿ.

ಹೇಗೆ ತಿದ್ದುತ್ತಾರೆ? ಜಾಸ್ತಿ ಬಳಕೆಯಲ್ಲಿರುವುದು ಒರಟು ಮಾಡುವ ವಿಧಾನ. ಅಲ್ಯೂಮಿನಾದ ಗಟ್ಟಿ ಪುಡಿಯನ್ನು ರಭಸದಿಂದ ಊದುತ್ತಾರೆ. ಆಮೇಲೆ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಬಿಸಿ ಮಿಶ್ರಣದಲ್ಲಿ ಅದ್ದುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಅದನ್ನು: ದೊಡ್ಡ ಗುಳಿಗಳು, ಆ ಗುಳಿಗಳ ಒಳಗೆ ಮತ್ತೆ ಪುಟ್ಟ ಪುಟ್ಟ ಗುಳಿಗಳು. ಹೆಪ್ಪುಗಟ್ಟಿದ ರಕ್ತದ ಎಳೆಗಳು ಅಲ್ಲಿ ಹಿಡಿತ ಸಿಕ್ಕು ನಿಲ್ಲುತ್ತವೆ. ಆ ಎಳೆಗಳ ಮೇಲೆ ಮೂಳೆಯ ಕೋಶಗಳು ನಡೆದು ಬರುತ್ತವೆ. ಮೂಳೆ ಚೆನ್ನಾಗಿದ್ದವರಿಗೆ ಹೀಗೆ ಮಾಡಿದ ಇಂಪ್ಲಾಂಟಿನ ಮೇಲೆ ಸುಮಾರು 6 ವಾರಕ್ಕೇ ಹಲ್ಲು ಕೂರಿಸುತ್ತಾರೆ. ಹಾಗಂತ ಒರಟು ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲ್ಲ. ಒಂದೆರಡು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಏರಿಳಿತ ಸಾಕು. ಅದು ಮೀರಿದರೆ ಬ್ಯಾಕ್ಟೀರಿಯಾಗಳಿಗೂ ಮನೆ ಸಿಗುತ್ತದೆ.

ಸೊಂಟದ ಕೀಲಿನ ಇಂಪ್ಲಾಂಟಿಗೆ ಮೂಳೆಯಲ್ಲಿರುವಂಥದ್ದೇ ಖನಿಜ, ಹೈಡ್ರಾಕ್ಸಿ ಅಪಟೈಟ್, ಲೇಪಿಸುವುದೂ ಉಂಟು. ಪ್ಲಾಸ್ಮಾ ಎಂಬ ಅತಿ ಬಿಸಿಯ ಜ್ವಾಲೆಯಲ್ಲಿ ಕರಗಿಸಿ ಎರಚುತ್ತಾರೆ. ಲೇಪ ತೀರಾ ದಪ್ಪವಾದರೆ ಕಳಚಿಕೊಳ್ಳುವ ಭಯ.

ನನಗೆ ತುಂಬಾ ಇಷ್ಟವಾದದ್ದು ಜಪಾನಿನ ಕೊಕುಬೊ ಮತ್ತು ಅವರ ಜೊತೆಗಾರರು 1996ರಲ್ಲಿ ತೋರಿಸಿದ ದಾರಿ. ಟೈಟಾನಿಯಂ ತುಂಡನ್ನು 60 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದು ದಿನ ನೆನೆಸುವುದು, ಆಮೇಲೆ 600 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸುವುದು. ಅಷ್ಟೇ. ಹೊರಗಿನಿಂದ ಏನೂ ಬಳಿಯುವುದಿಲ್ಲ. ಮೈಯೇ ಸೋಡಿಯಂ ಟೈಟಾನೇಟ್ ಎಂಬ ಸಂಯುಕ್ತದ ಪದರವಾಗುತ್ತದೆ. ರಕ್ತದಲ್ಲಿರುವಷ್ಟೇ ಲವಣಗಳನ್ನು ಬೆರೆಸಿದ ನೀರಿನಲ್ಲಿ ಇಟ್ಟರೆ ಅದರ ಮೇಲೆ ಮೂಳೆಯ ಖನಿಜ ತಾನಾಗಿ ಕಟ್ಟಿಕೊಳ್ಳುತ್ತದೆ. ದೊಡ್ಡ ಯಂತ್ರ ಬೇಡ, ಕೋಟಿ ರೂಪಾಯಿ ಬೇಡ. ನಮ್ಮ ಭಾಗದ ಕಾಲೇಜಿನ ಮಕ್ಕಳೂ ಕೈ ಹಾಕಬಹುದಾದ ಸಂಶೋಧನೆ ಇದು, ಅಲ್ವಾ?

ಇನ್ನು ಸೋಂಕಿನ ಮಾತು. ಇಂಪ್ಲಾಂಟ್ ಒಳಗೆ ಹೋದ ಕ್ಷಣದಿಂದ ಆ ಜಾಗಕ್ಕೆ ನಮ್ಮ ಕೋಶಗಳಿಗೂ ಬ್ಯಾಕ್ಟೀರಿಯಾಗಳಿಗೂ ಪೈಪೋಟಿ. ಮೊದಲು ಯಾರು ಕೂತರೋ ಜಾಗ ಅವರದು. 1987ರಲ್ಲಿ ಗ್ರಿಸ್ಟಿನಾ ಎಂಬ ವೈದ್ಯರು ಇದನ್ನು ಬರೆದು ತೋರಿಸಿದ ಮೇಲೆ ಮೇಲ್ಮೈಗೆ ಬೆಳ್ಳಿ, ಆ್ಯಂಟಿಬಯೋಟಿಕ್ ಸೇರಿಸುವ ಪ್ರಯತ್ನಗಳು ಬೆಳೆದವು. ಬೆಳ್ಳಿ ಜಾಸ್ತಿಯಾದರೆ ಮೂಳೆಯ ಕೋಶಗಳೂ ಸಾಯುತ್ತವೆ. ಹದ ಹಿಡಿಯುವುದೇ ಕಷ್ಟದ ಕೆಲಸ.

ಮೇಲ್ಮೈಗೆ ವಯಸ್ಸೂ ಆಗುತ್ತದೆ. ಹೊಸದರ ಮೇಲೆ ನೀರಿನ ಹನಿ ಹರಡಿಕೊಳ್ಳುತ್ತದೆ. ವಾರಗಟ್ಟಲೆ ಗಾಳಿಯಲ್ಲಿದ್ದರೆ ಗಾಳಿಯ ಇಂಗಾಲದ ಅಂಶ ಕೂತು ಹನಿ ಗುಂಡಗೇ ನಿಲ್ಲುತ್ತದೆ. ಅದಕ್ಕೇ ಕೆಲವು ಇಂಪ್ಲಾಂಟುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿಯೇ ಮುಚ್ಚಿ ಕಳಿಸುತ್ತಾರೆ. ದಂತವೈದ್ಯರು ಅದರ ತುದಿ ಹಿಡಿದು ತೆಗೆಯುತ್ತಾರೆ, ಸ್ಕ್ರೂವಿನಂಥ ಅದರ ಮೈಗೆ ಕೈಗವಸು ಕೂಡ ತಾಗಿಸುವುದಿಲ್ಲ.

ಈಗಾಗಲೇ ಹಾಕಿಸಿಕೊಂಡವರಿಗೆ, ಹಾಕಿಸಿಕೊಳ್ಳುವವರಿಗೆ ನನ್ನದೊಂದು ಮಾತು. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡ ಮಾಡುತ್ತವೆ, ದಯವಿಟ್ಟು ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ಇಂಪ್ಲಾಂಟಿನ ಡಬ್ಬಿಯ ಮೇಲೆ ಲೋಹದ ಹೆಸರು, ನಂಬರ್ ಇರುವ ಚೀಟಿ ಇರುತ್ತದೆ. ಕೇಳಿ ತೆಗೆದುಕೊಂಡು ನಿಮ್ಮ ಫೈಲಿನಲ್ಲಿ ಅಂಟಿಸಿಕೊಳ್ಳಿ. ಮುಂದೆ ಎಂಆರ್‌ಐ ಮಾಡುವಾಗ, ರಾಡ್ ತೆಗೆಸುವಾಗ ವೈದ್ಯರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.